ಪಾರ್ಕಿನ್ಸನ್: ಪಕ್ಕದ ಕೋಶ ಉಳಿದು ಇದೊಂದೇ ಏಕೆ ಸಾಯುತ್ತದೆ?

ತಪ್ಪು ಕಲ್ಪನೆ: ವಯಸ್ಸಾದಂತೆ ಇಡೀ ಮಿದುಳು ಸವೆಯುತ್ತದೆ, ಕೈನಡುಕ ಅದರದೇ ಫಲ.

ಸತ್ಯ: ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವಿವರಿಸಿದ್ದು 1817ರಲ್ಲಿ. ಹಾನಿಯ ಜಾಗವನ್ನು ಪ್ಯಾರಿಸಿನಲ್ಲಿ ಟ್ರೆಟಿಯಾಕಾಫ್ ಬೊಟ್ಟು ಮಾಡಿ ತೋರಿಸಿದ್ದು ನೂರಕ್ಕೂ ಹೆಚ್ಚು ವರ್ಷದ ನಂತರ, 1919ರಲ್ಲಿ. ಅದು ನಡುಮಿದುಳಿನಲ್ಲಿರುವ ಕಪ್ಪು ಪಟ್ಟಿ, ಸಬ್‌ಸ್ಟಾನ್ಷಿಯಾ ನೈಗ್ರಾ. ಅಲ್ಲಿನ ಡೋಪಮಿನ್ ಕೋಶಗಳು ಸಾಯುತ್ತವೆ. ಅಲ್ಲೇ ಪಕ್ಕದಲ್ಲಿ ಡೋಪಮಿನ್ ತಯಾರಿಸುವ ಇನ್ನೊಂದು ಗುಂಪಿದೆ. ಅದಕ್ಕೆ ಬೀಳುವ ಪೆಟ್ಟು ಬಹಳ ಕಡಿಮೆ. ಎರಡಕ್ಕೂ ವಯಸ್ಸು ಒಂದೇ, ಆದ್ದರಿಂದ ಬರೀ ವಯಸ್ಸನ್ನು ದೂರಿ ಸುಮ್ಮನಾಗುವಂತಿಲ್ಲ.

ತಪ್ಪು ಕಲ್ಪನೆ: ಕೆಲಸ ಕೊಡದ ಭಾಗ ಸಾಯುತ್ತದೆ.

ಸತ್ಯ: ಇಲ್ಲಿ ಸಾಯುವುದು ದುಡಿದು ದಣಿದ ಕೋಶ ಎಂದು ತೋರುತ್ತದೆ. ನೈಗ್ರಾದ ಒಂದೊಂದು ಕೋಶದ ತಂತುವೂ ಕವಲೊಡೆಯುತ್ತಾ ಹೋಗುತ್ತದೆ. ಮನುಷ್ಯರಲ್ಲಿ ಅದು ಹತ್ತು ಲಕ್ಷಕ್ಕೂ ಹೆಚ್ಚು ಕಡೆ ಸಂಪರ್ಕ ಸಾಧಿಸುತ್ತದೆ ಎಂಬ ಅಂದಾಜಿದೆ. ಹೊರಗಿನಿಂದ ಸೂಚನೆ ಬಾರದಿದ್ದರೂ ಈ ಕೋಶ ತಾನಾಗಿಯೇ ಮಿಡಿಯುತ್ತಿರುತ್ತದೆ. ಪ್ರತಿ ಮಿಡಿತಕ್ಕೂ ಕ್ಯಾಲ್ಸಿಯಂ ಒಳನುಗ್ಗುತ್ತದೆ. ತೂತುಬಿದ್ದ ದೋಣಿಯಿಂದ ನೀರು ಎತ್ತಿ ಚೆಲ್ಲುವಂತೆ ಅದನ್ನು ಹೊರಹಾಕುತ್ತಲೇ ಇರಬೇಕು. ಅದಕ್ಕೆ ಬೇಕಾದ ಶಕ್ತಿಯನ್ನು ಒದಗಿಸುವ ಮೈಟೊಕಾಂಡ್ರಿಯಾಗಳೇ ಕೋಶವನ್ನು ಕೊರೆಯುವ ರಾಸಾಯನಿಕಗಳನ್ನೂ ಹುಟ್ಟಿಸುತ್ತವೆ. ಇದರ ಮೇಲೆ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೊಟೀನ್ ಗಂಟುಗಟ್ಟುತ್ತದೆ. ಪಕ್ಕದ ಗುಂಪಿನ ಅನೇಕ ಕೋಶಗಳಲ್ಲಿ ಕ್ಯಾಲ್ಸಿಯಂ ಹಿಡಿದಿಡುವ ಕ್ಯಾಲ್ಬಿಂಡಿನ್ ಇದೆ, ಕ್ಯಾಲ್ಸಿಯಂ ಹೊರೆಯೂ ಕಡಿಮೆ. ಹೀಗಿರುವಾಗ, ‘ಕೈಕಾಲಿಗೆ ಕೆಲಸ ಕೊಡಲಿಲ್ಲ, ಅದಕ್ಕೇ ಹೀಗಾಯಿತು’ ಎಂದು ರೋಗಿಯನ್ನು ದೂರುವುದು ಕ್ರೂರ ಅನ್ಯಾಯ. ಕಾಯಿಲೆ ಬಂದ ಮೇಲೆ ವ್ಯಾಯಾಮದಿಂದ ಉಪಯೋಗವಿದೆ, ಅದು ಬೇರೆ ಮಾತು.

ತಪ್ಪು ಕಲ್ಪನೆ: ಕಾರಣ ತಿಳಿದರೆ ಮದ್ದೂ ಸಿಕ್ಕಂತೆ.

ಸತ್ಯ: ಕ್ಯಾಲ್ಸಿಯಂ ದಾರಿಯನ್ನು ಮುಚ್ಚುವ ಇಸ್ರಾಡಿಪಿನ್ ಎಂಬ ರಕ್ತದೊತ್ತಡದ ಮಾತ್ರೆಯನ್ನು ಕಾಯಿಲೆಯ ಆರಂಭದಲ್ಲಿದ್ದ 336 ಮಂದಿಯ ಪ್ರಯೋಗದಲ್ಲಿ ಮೂರು ವರ್ಷ ಪರೀಕ್ಷಿಸಿದರು. 2020ರಲ್ಲಿ ಫಲಿತಾಂಶ ಬಂತು: ಕಾಯಿಲೆಯ ಓಟ ನಿಧಾನವಾಗಲಿಲ್ಲ. ಲಕ್ಷಣ ಕಾಣುವ ಹೊತ್ತಿಗೆ ಕೋಶಗಳ ದೊಡ್ಡ ಪಾಲು ಹೋಗಿರುತ್ತದೆ. ತಡವಾಗಿ ಶುರುಮಾಡಿದ್ದೂ ಒಂದು ಕಾರಣವಿರಬಹುದು. ಇಂದಿನ ಮುಖ್ಯ ಮದ್ದು ಲೆವೊಡೋಪ ಡೋಪಮಿನ್ ಕೊರತೆಯನ್ನು ತುಂಬುತ್ತದೆ, ಕೋಶವನ್ನು ಬದುಕಿಸುವುದಿಲ್ಲ.

ತಪ್ಪು ಕಲ್ಪನೆ: ನಡುಕವೇ ಮೊದಲ ಲಕ್ಷಣ.

ಸತ್ಯ: ಕೆಲವರಿಗೆ ನಡುಕ ಬರುವುದೇ ಇಲ್ಲ. ವಾಸನೆ ತಿಳಿಯದಿರುವುದು, ಮಲಬದ್ಧತೆ, ಕನಸಿನಲ್ಲಿ ಕೈಕಾಲು ಬೀಸಿ ಕೂಗಾಡುವುದು ಎಷ್ಟೋ ವರ್ಷ ಮೊದಲೇ ಕಾಣಿಸಬಹುದು. ಇವಕ್ಕೆ ಬೇರೆ ಕಾರಣಗಳೂ ಇರುತ್ತವೆ. ಆದರೆ ನಿದ್ದೆಯಲ್ಲಿ ಗುದ್ದಾಡುವ ಅಭ್ಯಾಸ ಹೊಸದಾಗಿ ಶುರುವಾಗಿದ್ದರೆ ನರರೋಗ ತಜ್ಞರಿಗೆ ತಪ್ಪದೆ ಹೇಳಿ.