ಪರದೇಶದಲ್ಲಿ ಪೊಲೀಸರು ಕರೆದಾಗ

ಗಲ್ಫ್‌ನಲ್ಲಿ ದುಡಿಯುವ ಗಂಡನಿಂದ ರಾತ್ರಿ ಹನ್ನೊಂದಕ್ಕೆ ಕರೆ ಬರುತ್ತದೆ. "ಶುರ್ತಾದವರು ಫೋನ್ ಮಾಡಿದ್ದರು. ನಾಳೆ ಬೆಳಗ್ಗೆ ಠಾಣೆಗೆ ಬರಬೇಕಂತೆ. ಯಾಕೆಂದು ಹೇಳಲಿಲ್ಲ." ಇಷ್ಟೇ ಮಾತು. ಭಟ್ಕಳದಲ್ಲೋ ಉಳ್ಳಾಲದಲ್ಲೋ ಇರುವ ಆ ಮನೆಯಲ್ಲಿ ಆ ರಾತ್ರಿ ಯಾರೂ ನಿದ್ರಿಸುವುದಿಲ್ಲ. ಅತ್ತೆ ತಸ್ಬೀಹ್ ಹಿಡಿದು ಕೂರುತ್ತಾರೆ. ಭಾವ, ಮೈದುನರು ತಮಗೆ ಗೊತ್ತಿರುವವರಿಗೆಲ್ಲ ಫೋನ್ ಮಾಡುತ್ತಾರೆ. ಬೆಳಗಾಗುವಷ್ಟರಲ್ಲಿ ಊರಿಡೀ ಸುದ್ದಿ.

ಇಂತಹ ಕರೆಗಳಲ್ಲಿ ಹೆಚ್ಚಿನವು ಸಣ್ಣ ವಿಷಯಕ್ಕಾಗಿರುತ್ತವೆ. ಅವರು ಕಂಡ ಅಪಘಾತದ ಬಗ್ಗೆ ಹೇಳಿಕೆ ಬೇಕಿರಬಹುದು. ಅವರ ಹಿಂದಿನ ಕೋಣೆಯಲ್ಲಿ ವಾಸವಿದ್ದವನ ವಿಚಾರಣೆ ಇರಬಹುದು. ಆದರೆ ಗಾಬರಿಯಲ್ಲಿ ನಮ್ಮವರು ಎರಡು ರೀತಿಯಲ್ಲಿ ಎಡವುತ್ತಾರೆ. ಕೆಲವರು ಫೋನ್ ಬಂದ್ ಮಾಡಿ, ಗೆಳೆಯನ ಕೋಣೆಗೆ ಹೋಗಿ ಅಡಗುತ್ತಾರೆ. ಇನ್ನು ಕೆಲವರು ಕೇಳಿದ್ದನ್ನೆಲ್ಲ ಕೊಟ್ಟು, ತೋರಿಸಿದಲ್ಲೆಲ್ಲ ಸಹಿ ಹಾಕಿ ಬರುತ್ತಾರೆ. ಎರಡೂ ಅಪಾಯವೇ.

ಮೊದಲು, ಕರೆ ಮಾಡಿದವನು ನಿಜಕ್ಕೂ ಪೊಲೀಸನೇ? ಈಗ ಇದನ್ನು ಕೇಳಲೇಬೇಕಾಗಿದೆ. ಯುಎಇಯಲ್ಲಿ ಪೊಲೀಸರ ಹೆಸರಿನಲ್ಲಿ ಫೋನ್ ಮಾಡಿ, "ನಿಮ್ಮ ಎಮಿರೇಟ್ಸ್ ಐಡಿ ನವೀಕರಿಸಬೇಕು, ಮೊಬೈಲಿಗೆ ಬಂದ ಒಟಿಪಿ ಹೇಳಿ" ಎನ್ನುವ ಮೋಸಗಾರರ ಬಗ್ಗೆ ದುಬೈ ಪೊಲೀಸರೇ ಎಚ್ಚರಿಕೆ ನೀಡಿದ್ದಾರೆ. ನಮ್ಮ ದೇಶದಲ್ಲಿ 2024ರಲ್ಲಿ 'ಡಿಜಿಟಲ್ ಅರೆಸ್ಟ್' ಎಂದು ಎಲ್ಲರನ್ನೂ ಕಂಗೆಡಿಸಿದ್ದು ಇದರ ಇನ್ನೊಂದು ರೂಪ. ಒಟಿಪಿ, ಬ್ಯಾಂಕ್ ಕಾರ್ಡಿನ ಸಂಖ್ಯೆ, ಪಾಸ್‌ವರ್ಡ್ ಕೇಳಿದರೆ ಅದು ಮೋಸವೆಂದೇ ತಿಳಿದು ಫೋನ್ ಇಟ್ಟುಬಿಡಿ. ಸಂಶಯವಿದ್ದರೆ ಅಧಿಕಾರಿಯ ಹೆಸರು, ಠಾಣೆಯ ಹೆಸರು, ಪ್ರಕರಣದ ಸಂಖ್ಯೆ ಕೇಳಿ ಬರೆದುಕೊಳ್ಳಿ. ಅವನು ಕೊಟ್ಟ ನಂಬರಿಗಲ್ಲ, ನೀವೇ ಹುಡುಕಿದ ಠಾಣೆಯ ನಂಬರಿಗೆ ಫೋನ್ ಮಾಡಿ ವಿಚಾರಿಸಿ. ದುಬೈಯಲ್ಲಿ ತುರ್ತಲ್ಲದ ವಿಷಯಗಳಿಗೆ 901 ಇದೆ. ಯಾರೋ ತಂದ ಸುದ್ದಿಯನ್ನು ಪರಿಶೀಲಿಸದೆ ಹೆಜ್ಜೆ ಇಡಬೇಡಿ ಎಂದು ಸೂರಃ ಅಲ್ ಹುಜುರಾತ್ ನಮಗೆ ಕಲಿಸಿದೆ. ಅದನ್ನು ಜುಮಾ ಪ್ರವಚನದಲ್ಲಿ ಕೇಳಿ ತಲೆದೂಗುವ ನಾವು ಫೋನ್ ಬಂದಾಗ ಮರೆಯುತ್ತೇವೆ.

ಕರೆ ನಿಜವಾದರೆ ಹೋಗಲೇಬೇಕು. ವೀಸಾವನ್ನು ನಾವು ಬರೀ ಒಂದು ಮುದ್ರೆ ಎಂದು ತಿಳಿದಿದ್ದೇವೆ. ಫಿಕ್ಹ್‌ನ ಗ್ರಂಥಗಳಲ್ಲಿ 'ಅಮಾನ್' ಎಂಬ ಒಂದು ಅಧ್ಯಾಯವಿದೆ. ಒಂದು ನಾಡನ್ನು ಅಭಯ ಪಡೆದು ಪ್ರವೇಶಿಸಿದವನಿಗೆ ಆ ನಾಡು ರಕ್ಷಣೆ ಕೊಡಬೇಕು, ಅವನು ಆ ನಾಡಿಗೆ ದ್ರೋಹ ಬಗೆಯಬಾರದು. ಇಂದಿನ ವಿದ್ವಾಂಸರು ವೀಸಾವನ್ನು ಇಂತಹ ಕರಾರಾಗಿಯೇ ಕಾಣುತ್ತಾರೆ. ಆದ್ದರಿಂದ ಕಾನೂನಿನ ಕರೆಗೆ ಓಗೊಡುವುದು ಹೆದರಿಕೆಯ ಮಾತಲ್ಲ, ಕರಾರಿನ ಮಾತು. ಸಾಕ್ಷಿಗಾಗಿ ಕರೆದರಂತೂ ಇನ್ನೂ ದೊಡ್ಡ ಹೊಣೆ. ಸಾಕ್ಷ್ಯವನ್ನು ಮುಚ್ಚಿಡುವವನ ಹೃದಯ ಪಾಪಿಯೆಂದು ಸೂರಃ ಅಲ್ ಬಕರ ಹೇಳುತ್ತದೆ. "ನಮಗೇಕೆ ಇಲ್ಲದ ಉಸಾಬರಿ" ಎಂದು ಜಾರಿಕೊಳ್ಳುವವರು ಇದನ್ನು ಯೋಚಿಸಬೇಕು.

ಹೋಗುವ ಮುನ್ನ ಕಂಪೆನಿಯ ಪಿಆರ್‌ಒಗೆ ಅಥವಾ ನಂಬಿಕೆಯ ಒಬ್ಬರಿಗೆ ಯಾವ ಠಾಣೆಗೆ, ಎಷ್ಟು ಹೊತ್ತಿಗೆ ಹೋಗುತ್ತಿದ್ದೀರೆಂದು ತಿಳಿಸಿ. ಅರಬಿ ಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಇಕಾಮ ಅಥವಾ ಐಡಿ ಕೈಯಲ್ಲಿರಲಿ. ಪಾಸ್‌ಪೋರ್ಟ್ ಮಾಲಕನ ಬಳಿ ಇದೆ ಎನ್ನುವವರು ಇಂದಿಗೂ ಬಹಳ ಮಂದಿ. ಯುಎಇಯ 2021ರ ಕಾರ್ಮಿಕ ಕಾನೂನು ಕಾರ್ಮಿಕನ ಅಧಿಕೃತ ದಾಖಲೆಗಳನ್ನು ಮಾಲಕ ಇಟ್ಟುಕೊಳ್ಳುವುದನ್ನು ನಿಷೇಧಿಸಿದೆ. ಈ ವಿಷಯವನ್ನು ಠಾಣೆಯ ಬಾಗಿಲಲ್ಲಿ ನಿಂತಾಗಲ್ಲ, ಮೊದಲೇ ಮಾತಾಡಿ ಮುಗಿಸಿಕೊಳ್ಳಬೇಕು.

ಠಾಣೆಯೊಳಗೆ ನಮ್ಮವರನ್ನು ಕೆಡಿಸುವುದು ಭಾಷೆ. ಮದ್ರಸಾದಲ್ಲಿ ಕಲಿತ ಅರಬಿಯಿಂದ ಕುರ್‌ಆನ್ ಓದಬಹುದು. ಆದರೆ ಪೊಲೀಸರು ಬರೆದ ಹೇಳಿಕೆ ಓದಲು ಅದು ಸಾಲದು. ಅನುಭವಸ್ಥನಂತೆ ತಲೆಯಾಡಿಸಿ ಸಹಿ ಹಾಕಿದರೆ ನಾಳೆ ನ್ಯಾಯಾಲಯದಲ್ಲಿ ಅದೇ ನಿಮ್ಮ ಮಾತು. ಅರ್ಥವಾಗದ ಕಾಗದಕ್ಕೆ ಸಹಿ ಬೇಡ. ಅನುವಾದಕ ಬೇಕೆಂದು ಸೌಜನ್ಯದಿಂದ, ಆದರೆ ಬಿಗಿಯಾಗಿ ಕೇಳಿ. ಸೌದಿಯ ಅಪರಾಧ ಪ್ರಕ್ರಿಯಾ ಕಾನೂನಿನ ನಾಲ್ಕನೇ ಕಲಮಿನ ಪ್ರಕಾರ ಆರೋಪಿಗೆ ತನಿಖೆಯ ಹಂತದಲ್ಲೂ ವಕೀಲನ ನೆರವು ಪಡೆಯುವ ಹಕ್ಕಿದೆ. ಗೊತ್ತಿದ್ದುದನ್ನು ಹೇಳಿ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲವೆನ್ನಿ. ಊಹೆಯಿಂದ ಇನ್ನೊಬ್ಬನ ಹೆಸರು ಎಳೆದು ತರಬೇಡಿ. ಲಂಚದ ಮಾತನ್ನಂತೂ ತಮಾಷೆಗೂ ಎತ್ತಬೇಡಿ. ಊರಿನ ಚಾಳಿಯನ್ನು ಅಲ್ಲಿಗೆ ಹೊತ್ತುಕೊಂಡು ಹೋದವರು ಸಾಕ್ಷಿಯಾಗಿ ಹೋಗಿ ಆರೋಪಿಯಾಗಬಹುದು.

ಬಂಧನವಾದರೆ ಏನು? 1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದ 36ನೇ ಕಲಮಿನಂತೆ, ಬಂಧಿತ ವಿದೇಶಿ ಬಯಸಿದರೆ ಅವನ ದೇಶದ ಕಾನ್ಸುಲೇಟಿಗೆ ತಡಮಾಡದೆ ತಿಳಿಸಬೇಕು, ಈ ಹಕ್ಕು ಅವನಿಗಿದೆಯೆಂದು ಅವನಿಗೂ ಹೇಳಬೇಕು. ಕುಲಭೂಷಣ್ ಜಾಧವ್ ಪ್ರಕರಣದಲ್ಲಿ 2019ರ ಜುಲೈಯಲ್ಲಿ ಅಂತಾರಾಷ್ಟ್ರೀಯ ನ್ಯಾಯಾಲಯ ಭಾರತದ ಪರ ನಿಂತದ್ದು ಇದೇ ಕಲಮಿನ ಮೇಲೆ. ಇಲ್ಲಿ 'ಬಯಸಿದರೆ' ಎಂಬ ಮಾತನ್ನು ಗಮನಿಸಿ. ನೀವು ಕೇಳದಿದ್ದರೆ ಯಾರೂ ತಾವಾಗಿ ಫೋನ್ ಮಾಡಲಾರರು. "ಇಂಡಿಯನ್ ಎಂಬೆಸಿ" ಎಂಬ ಎರಡು ಪದ ಬಾಯಲ್ಲಿದ್ದರೆ ಸಾಕು.

ಇನ್ನು, ಠಾಣೆಯಿಂದ ಕರೆ ಬರುವಂತೆ ನಾವೇ ಮಾಡಿಕೊಳ್ಳುವ ಕೆಲಸಗಳಿವೆ. ಹೊಸದಾಗಿ ಬಂದ ಊರಿನ ಹುಡುಗನಿಗೆ ನಮ್ಮ ಐಡಿಯಲ್ಲಿ ಸಿಮ್ ತೆಗೆದುಕೊಡುತ್ತೇವೆ. "ಎರಡು ದಿನಕ್ಕೆ ನಿನ್ನ ಅಕೌಂಟ್ ಕೊಡು, ಹಣ ಬರಲಿಕ್ಕುಂಟು" ಎಂದವನಿಗೆ ದಾಕ್ಷಿಣ್ಯಕ್ಕೆ ಕೊಡುತ್ತೇವೆ. ಆ ಸಿಮ್‌ನಿಂದ, ಆ ಖಾತೆಯಿಂದ ಮೋಸ ನಡೆದರೆ ಪೊಲೀಸರು ಹುಡುಕುವುದು ನಮ್ಮನ್ನೇ. ದಾಕ್ಷಿಣ್ಯ ಅಲ್ಲಿ ಪುರಾವೆಯಾಗುವುದಿಲ್ಲ.

ಮೊಬೈಲಿನ ವಿಷಯ ಇನ್ನೂ ಸೂಕ್ಷ್ಮ. ಸೌದಿಯ 2007ರ ಸೈಬರ್ ಅಪರಾಧ ಕಾನೂನಿನಲ್ಲಿ ಸಾರ್ವಜನಿಕ ವ್ಯವಸ್ಥೆಗೆ, ಧಾರ್ಮಿಕ ಮೌಲ್ಯಗಳಿಗೆ ಧಕ್ಕೆ ತರುವ ಬರಹಕ್ಕೆ ಐದು ವರ್ಷದವರೆಗೆ ಜೈಲು, 30 ಲಕ್ಷ ರಿಯಾಲ್‌ವರೆಗೆ ದಂಡ ಇದೆ. ಯುಎಇಯ 2021ರ ಕಾನೂನಿನಂತೆ ಸುಳ್ಳು ಸುದ್ದಿ ಹರಡುವುದೂ, ಇತರರ ಅನುಮತಿಯಿಲ್ಲದೆ ಅವರ ಚಿತ್ರ ತೆಗೆದು ಹಂಚುವುದೂ ಅಪರಾಧ. ಅಪಘಾತದಲ್ಲಿ ಬಿದ್ದವನ ಚಿತ್ರವನ್ನು ಊರಿನ ಗ್ರೂಪಿಗೆ ಹಾಕುವವರು ಇದನ್ನು ತಿಳಿದಿರಲಿ.

2019ರ ಡಿಸೆಂಬರ್‌ನಲ್ಲಿ ಸೌದಿಯಲ್ಲಿದ್ದ ನಮ್ಮ ಕರಾವಳಿಯ ಒಬ್ಬ ಹಿಂದೂ ಸಹೋದರನ ಬಂಧನವಾಯಿತು. ಅವರ ಹೆಸರಿನ ಫೇಸ್‌ಬುಕ್ ಖಾತೆಯಲ್ಲಿ ಮಕ್ಕಾದ ಬಗ್ಗೆ, ಸೌದಿ ಆಡಳಿತಗಾರರ ಬಗ್ಗೆ ನಿಂದನೆಯ ಬರಹವಿತ್ತು. ಖಾತೆ ಅವರದಾಗಿರಲಿಲ್ಲ. ಅವರ ಪತ್ನಿ ಉಡುಪಿಯಲ್ಲಿ ದೂರು ಕೊಟ್ಟರು. ನಕಲಿ ಖಾತೆ ತೆರೆದ ಆರೋಪದಲ್ಲಿ 2020ರಲ್ಲಿ ಉಡುಪಿ ಪೊಲೀಸರು ಬಂಧಿಸಿದ್ದು ನಮ್ಮದೇ ಸಮುದಾಯದ ಇಬ್ಬರನ್ನು. ಅವರು ಊರಿಗೆ ಮರಳಿದ್ದು 2021ರ ಆಗಸ್ಟ್‌ನಲ್ಲಿ. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಆ ಮನೆಯ ಹೆಂಗಸು ಮಗುವಿನೊಂದಿಗೆ ಪಟ್ಟ ಪಾಡನ್ನು ಗಲ್ಫ್‌ನಲ್ಲಿ ಗಂಡನಿರುವ ನಮ್ಮ ಸಹೋದರಿಯರಿಗೆ ವಿವರಿಸಬೇಕಾಗಿಲ್ಲ. ನ್ಯಾಯದ ಪರ ನಿಲ್ಲಿರಿ, ಅದು ನಿಮ್ಮ ಸ್ವಂತದವರಿಗೆ ವಿರುದ್ಧವಾದರೂ ಸರಿ ಎಂಬ ಸೂರಃ ಅನ್ನಿಸಾಅ್‌ನ ಆದೇಶ ಇಂತಹ ಹೊತ್ತಿಗೇ ಬಂದದ್ದು. ಆ ಪತ್ನಿ ಮಾಡಿದ್ದನ್ನೂ ಗಮನಿಸಿ. ಅಲ್ಲಿಯ ಪ್ರಕರಣಕ್ಕೆ ಬೇಕಾದ ಪುರಾವೆ ಇಲ್ಲಿಯ ಠಾಣೆಯಲ್ಲಿ ಕೊಟ್ಟ ದೂರಿನಿಂದ ಹುಟ್ಟಿತು.

ಮದ್ರಸಾದಲ್ಲಿ ಪಾಠ ಹೇಳುವವನಾಗಿ ಇನ್ನೊಂದು ಮಾತನ್ನು ಹೇಳಲೇಬೇಕು, ಕೆಲವರಿಗೆ ಹಿಡಿಸಲಾರದು. ರಮಝಾನ್ ಬಂದರೆ ಊರಿನ ಮಸೀದಿ, ಮದ್ರಸಾ, ಬಡ ಹುಡುಗಿಯರ ಮದುವೆಗಾಗಿ ಗಲ್ಫ್‌ನಲ್ಲಿ ವಸೂಲಿ ನಡೆಯುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಯುಎಇಯಲ್ಲಿ 2021ರ ಕಾನೂನಿನಂತೆ ಪರವಾನಗಿ ಪಡೆದ ಸಂಸ್ಥೆಗಳಿಗಲ್ಲದೆ ವ್ಯಕ್ತಿಗಳಿಗೆ ಚಂದಾ ಎತ್ತುವ ಅಧಿಕಾರವಿಲ್ಲ. ವಾಟ್ಸಾಪ್‌ನಲ್ಲಿ ಖಾತೆಯ ಸಂಖ್ಯೆ ಹಾಕಿದರೂ ಅದು ಚಂದಾ ಎತ್ತಿದಂತೆಯೇ. ಹಣ ಎಲ್ಲಿಂದ ಬಂತು, ಯಾರಿಗೆ ಹೋಯಿತು ಎಂದು ಪೊಲೀಸರು ಕೇಳಿದಾಗ ಉತ್ತರಿಸಬೇಕಾದವನು ರಶೀದಿ ಪುಸ್ತಕ ಹಿಡಿದು ತಿರುಗಿದ ಹುಡುಗನೇ ಹೊರತು ಊರಿನಲ್ಲಿ ಕುಳಿತ ಜಮಾಅತ್ ಅಧ್ಯಕ್ಷರಲ್ಲ. ಕಮಿಟಿಯವರೇ, ದಯವಿಟ್ಟು ನಮ್ಮ ಮಕ್ಕಳ ಕೈಗೆ ಆ ಪುಸ್ತಕ ಕೊಟ್ಟು ಕಳುಹಿಸಬೇಡಿ.

ಹಾಗೆಯೇ ಪಾರ್ಸೆಲ್. ನೆರೆಮನೆಯವರು ತಂದಿಟ್ಟ ಕಟ್ಟನ್ನು ಬಿಚ್ಚದೆ ಪೆಟ್ಟಿಗೆಗೆ ಹಾಕಬೇಡಿ. ನಮ್ಮ ಅಡುಗೆಮನೆಯ ಗಸಗಸೆ ಯುಎಇ, ಸೌದಿಗಳಲ್ಲಿ ನಿಷಿದ್ಧ. ಟ್ರಮಡಾಲ್, ಕೊಡೈನ್ ಇರುವ ಔಷಧಗಳಿಗೂ ಅಲ್ಲಿ ನಿಯಂತ್ರಣವಿದೆ. ವೈದ್ಯರ ಚೀಟಿ, ಬೇಕಾದಲ್ಲಿ ಮುಂಗಡ ಅನುಮತಿ ಇಲ್ಲದೆ ಒಯ್ಯಬಾರದು. "ಯಾರೋ ಕೊಟ್ಟದ್ದು" ಎಂಬ ಮಾತನ್ನು ವಿಮಾನ ನಿಲ್ದಾಣದಲ್ಲಿ ಯಾರೂ ನಂಬುವುದಿಲ್ಲ.

ಕುಟುಂಬ ಸಮೇತ ಅಲ್ಲಿರುವ ಸಹೋದರಿಯರೇ, ಗಂಡ ಕೆಲಸಕ್ಕೆ ಹೋದಾಗ ಬಾಗಿಲು ತಟ್ಟಿದರೆ ಮೊದಲು ಒಳಗಿನಿಂದಲೇ ಗುರುತಿನ ಚೀಟಿ ಕೇಳಿ, ಗಂಡನಿಗೆ ಫೋನ್ ಮಾಡಿ. ಹೆಂಗಸಿನ ಮೈ ತಪಾಸಣೆಯನ್ನು ಹೆಂಗಸೇ ಮಾಡಬೇಕೆಂಬ ನಿಯಮ ಯುಎಇ, ಸೌದಿ ಎರಡೂ ಕಡೆ ಇದೆ. ಅದನ್ನು ಕೇಳಲು ಸಂಕೋಚ ಬೇಡ.

ಊರಿನಲ್ಲಿರುವವರು ಮಾಡಬೇಕಾದ್ದು ಅಳುವುದಕ್ಕಿಂತ ಸುಲಭ. ಗಂಡನ ಪಾಸ್‌ಪೋರ್ಟ್, ವೀಸಾ, ಐಡಿಗಳ ಜೆರಾಕ್ಸ್, ಕಂಪೆನಿಯ ವಿಳಾಸ, ಜೊತೆಗೆ ವಾಸಿಸುವವರ ನಂಬರ್ ಕಪಾಟಿನಲ್ಲಿ ಒಂದೇ ಕಡೆ ಇಡಿ. ವಿದೇಶಾಂಗ ಸಚಿವಾಲಯ 2015ರಲ್ಲಿ ಆರಂಭಿಸಿದ 'ಮದದ್' ವ್ಯವಸ್ಥೆಯಲ್ಲಿ ಮನೆಯವರೇ ಇಲ್ಲಿಂದ ದೂರು ದಾಖಲಿಸಬಹುದು. ಬಡ ಕಾರ್ಮಿಕರ ಕಾನೂನು ನೆರವಿಗಾಗಿ ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಅರ್ಜಿ ಬರೆಯುವಾಗ ಬಂಧನವಾದ ದಿನ, ಠಾಣೆಯ ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಮೂರನ್ನೂ ಮೊದಲ ಸಾಲಿನಲ್ಲೇ ಬರೆಯಿರಿ. ಕಷ್ಟದ ಕಥೆಯನ್ನು ಆಮೇಲೆ ಬರೆದರಾಯಿತು.