ಕಿವಿಗೊಡುವ ಸ್ವಿಚ್ಚು

ಮುಂಬಯಿಯಿಂದ ಬರುವ ಮಧ್ಯ ರೈಲ್ವೆಯ ಹಳಿಯು ಕಲ್ಯಾಣದಲ್ಲಿ ಎರಡಾಗುವುದೆಂಬುದನ್ನು ನಮ್ಮ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಒಂದು ಕವಲು ಕಸಾರೆಯತ್ತ ಸಾಗುವುದು. ಇನ್ನೊಂದು ನಮ್ಮ ವಿಠ್ಠಲವಾಡಿಯನ್ನು ಹಾದು ಕರ್ಜತದತ್ತ ಹೋಗುವುದು. ವಿಠ್ಠಲವಾಡಿಯ ಪ್ರಯಾಣಿಕರಿಗಾಗಿ ಎರಡು ಕವಲುಗಳಲ್ಲಿಯೂ ಗಾಡಿ ಬಿಡುವ ಹುಚ್ಚು ಯಾರಿಗೂ ಇಲ್ಲ. ಆದರೆ ಕಂಪ್ಯೂಟರುಗಳ ಜಾಲದಲ್ಲಿ ಅಂತಹ ದುಂದು ನಡೆಯುವುದುಂಟು. ಅದನ್ನು ತಡೆಯುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ.

ಶಾಲೆಯೊಂದರಲ್ಲಿ 40 ಕಂಪ್ಯೂಟರುಗಳಿಗೆ ಪಾಠದ ಚಲಚ್ಚಿತ್ರವೊಂದನ್ನು ಏಕಕಾಲಕ್ಕೆ ತೋರಿಸಬೇಕಾಗಿದೆಯೆಂದು ಭಾವಿಸೋಣ. ಅದು ಸೆಕೆಂಡಿಗೆ 2 ಮೆಗಾಬಿಟ್ಟುಗಳಂತೆ ಹರಿಯುವುದಾದರೆ, ಒಂದೊಂದಕ್ಕೂ ಬೇರೆ ಪ್ರತಿ ಕಳುಹಿಸಲು 80 ಮೆಗಾಬಿಟ್ಟು ಬೇಕು. ಒಂದೇ ಪ್ರತಿಯನ್ನು ಗುಂಪಿನ ವಿಳಾಸಕ್ಕೆ ಕಳುಹಿಸಿದರೆ 2 ಸಾಕು. ಇದೇ ಮಲ್ಟಿಕಾಸ್ಟ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಟೀವ್ ಡೀರಿಂಗ್ ಎಂಬವರು 1989ರಲ್ಲಿ ಇದರ ನಿಯಮಗಳನ್ನು ಪ್ರಕಟಿಸಿದರು. 224ರಿಂದ 239ರವರೆಗಿನ ಅಂಕೆಗಳಿಂದ ಆರಂಭವಾಗುವ ವಿಳಾಸಗಳು ಇದಕ್ಕೆ ಮೀಸಲು. ಮುಂಬಯಿಯ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜು ಕ್ಷಣಕ್ಷಣದ ಬೆಲೆಗಳನ್ನು ದಲ್ಲಾಳಿಗಳಿಗೆ ಹಂಚುವುದೂ ಈ ಮಾರ್ಗದಿಂದಲೇ.

ಹೀಗಿದ್ದರೂ ಒಂದು ತೊಡಕುಂಟು. ತಂತಿಗಳನ್ನೆಲ್ಲ ಕೂಡಿಸುವ ಸ್ವಿಚ್ಚೆಂಬ ಪೆಟ್ಟಿಗೆಗೆ ಗುಂಪಿನ ಸದಸ್ಯರು ಯಾರೆಂಬುದು ತಾನಾಗಿ ತಿಳಿಯದು. ಆದ್ದರಿಂದ ಅದು ಎಲ್ಲ ಪೋರ್ಟುಗಳಿಗೂ ಪ್ರತಿಯನ್ನು ಸುರಿಯುತ್ತದೆ. ಕಚೇರಿಯ ಪ್ರಿಂಟರಿಗೂ ಪಾಠ ತಪ್ಪದು! ವೈ-ಫೈಯಲ್ಲಂತೂ ಇಂತಹ ಸಂದೇಶಗಳು ಸಾಮಾನ್ಯವಾಗಿ ಮಂದಗತಿಯಲ್ಲಿ ಹೋಗುವುದರಿಂದ ಉಳಿದವರ ಕೆಲಸವೆಲ್ಲ ಕುಂಟುತ್ತದೆ.

ಸದಸ್ಯನಾಗಬಯಸುವ ಯಂತ್ರವು ಐ.ಜಿ.ಎಂ.ಪಿ. ಎಂಬ ನಿಯಮದಂತೆ ರೂಟರಿಗೆ ಒಂದು ಓಲೆ ಕಳುಹಿಸುತ್ತದೆ. ಆ ಓಲೆ ಸ್ವಿಚ್ಚಿನ ಮೂಲಕವೇ ಹೋಗಬೇಕಷ್ಟೆ. ಸ್ವಿಚ್ಚು ಅದನ್ನು ಓದಿ, ಯಾವ ಪೋರ್ಟಿನಲ್ಲಿ ಯಾವ ಗುಂಪಿನವರಿದ್ದಾರೆಂದು ಬರೆದಿಟ್ಟುಕೊಂಡು, ಅಲ್ಲಿಗೆ ಮಾತ್ರ ಪ್ರತಿ ಕೊಡುತ್ತದೆ. ಇದಕ್ಕೆ ಸ್ನೂಪಿಂಗ್, ಎಂದರೆ ಕದ್ದು ಕೇಳುವಿಕೆ, ಎಂಬ ಹೆಸರು. ಹೆಸರು ಕೆಟ್ಟದ್ದು, ಕೆಲಸ ಒಳ್ಳೆಯದು. ಮನೆಯ ರೂಟರಿನೊಳಗೂ ಸ್ವಿಚ್ಚೊಂದು ಅಡಗಿರುವುದರಿಂದ ಅನೇಕ ರೂಟರುಗಳ ಸೆಟ್ಟಿಂಗ್ ಪುಟದಲ್ಲಿ ಈ ಹೆಸರು ಕಾಣುತ್ತದೆ.

ಆ ಗುಂಡಿಯನ್ನು ಒತ್ತಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ಚಿತ್ರವು ಮೊದಲು ಚೆನ್ನಾಗಿಯೇ ಓಡುತ್ತದೆ. ನಾಲ್ಕು ನಿಮಿಷ ಮೀರುತ್ತಲೇ ಥಟ್ಟನೆ ನಿಲ್ಲುತ್ತದೆ. ಏಕೆ? ಸೇರುವಾಗ ಯಂತ್ರವು ತಾನಾಗಿ ಓಲೆ ಕಳುಹಿಸುತ್ತದೆ. ತರುವಾಯ ಯಾರಾದರೂ ಕೇಳಿದರೆ ಮಾತ್ರ ಉತ್ತರಿಸುತ್ತದೆ. ಹೀಗೆ ಕೇಳುವವನಿಗೆ ಕ್ವೇರಿಯರ್ ಎನ್ನುತ್ತಾರೆ. ತರಗತಿಯ ಹಾಜರಿಯಂತೆ ಇವನು 125 ಸೆಕೆಂಡುಗಳಿಗೊಮ್ಮೆ ಪ್ರಶ್ನೆ ಹಾಕುತ್ತಾನೆ. ಸದಸ್ಯರು 10 ಸೆಕೆಂಡುಗಳೊಳಗೆ ಉತ್ತರಿಸಬೇಕು. ಎರಡು ಸರದಿ ಕಳೆದು ಮತ್ತೆ 10 ಸೆಕೆಂಡು, ಅಂದರೆ 260 ಸೆಕೆಂಡುಗಳವರೆಗೆ ಉತ್ತರವಿಲ್ಲದಿದ್ದರೆ ಹೆಸರು ಹೊಡೆದುಹೋಗುತ್ತದೆ. ಕೇಳುವವನೇ ಇಲ್ಲದ ಜಾಲದಲ್ಲಿ ಎಲ್ಲರೂ ಗೈರುಹಾಜರಿ!

ಇಂತಹ ವೇಳೆ ಸ್ನೂಪಿಂಗನ್ನು ಆರಿಸಿ, ರೋಗ ವಾಸಿಯಾಯಿತೆನ್ನುವವರಿದ್ದಾರೆ. ಅದು ಹಳೆಯ ದುಂದನ್ನೇ ಮರಳಿ ಕರೆದಂತೆ. ರೂಟರಿನಲ್ಲಾಗಲಿ ಒಂದು ಸ್ವಿಚ್ಚಿನಲ್ಲಾಗಲಿ ಕ್ವೇರಿಯರನ್ನು ನೇಮಿಸುವುದೇ ಸರಿಯಾದ ಮದ್ದು. ಇಬ್ಬರಿದ್ದರೆ ಜಗಳವಿಲ್ಲ; ಚಿಕ್ಕ ವಿಳಾಸದವನು ಮುಂದುವರಿದು ಇನ್ನೊಬ್ಬನು ಸುಮ್ಮನಾಗುತ್ತಾನೆ. 224.0.0 ಎಂದು ಆರಂಭವಾಗುವ ವಿಳಾಸಗಳನ್ನು ಮಾತ್ರ ತಡೆಯಬಾರದು. ರೂಟರುಗಳು ತಮ್ಮತಮ್ಮಲ್ಲಿ ಮಾತಾಡುವುದು ಅವುಗಳ ಮೂಲಕ. ಇಷ್ಟಾದ ಮೇಲೆ ಸ್ವಿಚ್ಚಿನ ಗುಂಪುಪಟ್ಟಿಯನ್ನು ತೆರೆದು ನೋಡಬೇಕು. ಐದು ನಿಮಿಷ ಕಾದು ಮತ್ತೊಮ್ಮೆ ನೋಡಬೇಕು. ಹೆಸರುಗಳು ಆಗಲೂ ಅಲ್ಲಿಯೇ ಇದ್ದರೆ ಪಾಠವನ್ನು ಆರಂಭಿಸಬಹುದು.