ಮೈ ತುಂಬಿಕೊಂಡರೆ ಸಾಕೇ? ಹೃದಯದ ಮಾತೂ ಕೇಳೋಣ

ನಮ್ಮ ಸೊರಬ ತಾಲ್ಲೂಕಿನ ಜಡೆ ಕಡೆ ಮದುವೆಯಾದ ಹುಡುಗಿ ತವರಿಗೆ ಬಂದಾಗ ‘ಮೈ ಕೈ ತುಂಬಿಕೊಂಡಿದ್ದೀಯ ಕಣೆ’ ಅನ್ನೋದು ಮೆಚ್ಚುಗೆಯ ಮಾತು. ಸೊರಗಿ ಬಂದರೆ ಗಂಡನ ಮನೆಯವರ ಮೇಲೇ ಅನುಮಾನ. ಹೊಟ್ಟೆಗೆ ಸಾಲದೆ ಗದ್ದೆಯಲ್ಲಿ ದುಡಿದ ಅಜ್ಜಿಯರ ಕಾಲಕ್ಕೆ ಆ ಮಾತು ಸರಿಯಾಗಿತ್ತು. ಈಗ ಲೆಕ್ಕ ಬದಲಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ತೂಕ ಹೆಚ್ಚಾದವರು 2015–16ರಲ್ಲಿ ಶೇ. 23ರಷ್ಟಿದ್ದರು. 2019–21ರ ಹೊತ್ತಿಗೆ ಅದು ಶೇ. 30 ಆಯಿತು.

ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನನ್ನಂಥವರ ಕಥೆ ಮಾತ್ರ ಇದು ಅಂದುಕೊಳ್ಳಬೇಡಿ. ಹಳ್ಳಿಯಲ್ಲೂ ರುಬ್ಬೋದಕ್ಕೆ ಮಿಕ್ಸಿ ಇದೆ, ನೀರು ನಲ್ಲೀಲಿ ಬರುತ್ತೆ. ಮೈಗೆಲಸ ಇಳಿಯಿತು, ತಟ್ಟೆಯಲ್ಲಿ ಅನ್ನ ಮಾತ್ರ ಇಳಿಯಲಿಲ್ಲ.

ಬೊಜ್ಜು ಹೃದಯಕ್ಕೆ ಏನು ಮಾಡುತ್ತೆ? ದೇಹ ದೊಡ್ಡದಾದಷ್ಟೂ ಹೃದಯ ಹೆಚ್ಚು ರಕ್ತ ಪಂಪ್ ಮಾಡಬೇಕು. ಬಿಪಿ ಏರುತ್ತೆ, ಹೃದಯದ ಗೋಡೆ ದಪ್ಪವಾಗುತ್ತೆ. ಹೊಟ್ಟೆಯ ಸುತ್ತಲಿನ ಕೊಬ್ಬು ಇನ್ನೂ ಕೆಟ್ಟದ್ದು. ಅದರಿಂದ ಇನ್ಸುಲಿನ್ ಕೆಲಸ ಕುಂದಿ ಶುಗರ್ ಏರುತ್ತೆ, ಒಳ್ಳೇ ಕೊಲೆಸ್ಟರಾಲ್ ಇಳಿಯುತ್ತೆ, ರಕ್ತನಾಳದಲ್ಲಿ ಜಿಡ್ಡು ಕಟ್ಟುತ್ತೆ. ‘ಮುಟ್ಟು ನಿಲ್ಲೋವರೆಗೆ ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಆಗಲ್ಲ’ ಅನ್ನೋ ಮಾತಿದೆಯಲ್ಲ, ಶುಗರ್, ಬಿಪಿ ಬಂದರೆ ಆ ರಕ್ಷಣೆ ಕರಗುತ್ತೆ.

ಹೆಣ್ಣುಮಕ್ಕಳಿಗೆ ಇನ್ನೊಂದು ಎಚ್ಚರಿಕೆ ಬಸಿರಿನಲ್ಲೇ ಸಿಗುತ್ತೆ. ನನ್ನ ಚಿಕ್ಕಮ್ಮನ ಮಗಳಿಗೆ ಬಸುರಿಯಲ್ಲಿ ಶುಗರ್, ಬಿಪಿ ಎರಡೂ ಬಂದವು. ಹೆರಿಗೆ ಆಯಿತು, ‘ಎಲ್ಲ ಸರಿಹೋಯ್ತು’ ಅಂತ ಎಲ್ಲರೂ ನಿರಾಳರಾದರು. ಬಾಣಂತನದ ತುಪ್ಪ, ಲಾಡು, ಮಲಗಿದ್ದೇ ವಿಶ್ರಾಂತಿ. ಆದರೆ ಬಸುರಿಯಲ್ಲಿ ಬಿಪಿ ವಿಪರೀತ ಏರಿ ನಂಜಾದವರಿಗೆ ಮುಂದೆ ಹೃದಯರೋಗದ ಅಪಾಯ ಸುಮಾರು ಎರಡು ಪಟ್ಟು. ಶುಗರ್ ಬಂದವರು ಹೆರಿಗೆಯಾದ 6 ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಬೇಕು, ಆಮೇಲೂ ಬಿಡಬಾರದು. ಪಿಸಿಓಎಸ್ ಇರುವವರಿಗೂ ಇದೇ ಮಾತು.

ಹಾಗಂತ ದಪ್ಪಗಿರುವವಳನ್ನು ಮದುವೆಮನೆಯಲ್ಲಿ ಎಲ್ಲರೆದುರು ಆಡಿಕೊಂಡರೆ ಯಾರ ಹೃದಯವೂ ಸುಧಾರಿಸಲ್ಲ. ತೆಳ್ಳಗಿದ್ದವರೆಲ್ಲ ಸುರಕ್ಷಿತರೂ ಅಲ್ಲ. ದಿನಾ ಕಸರತ್ತು ಮಾಡುತ್ತಿದ್ದ ಪುನೀತ್ ರಾಜ್‌ಕುಮಾರ್ 2021ರಲ್ಲಿ 46ನೇ ವಯಸ್ಸಿಗೇ ಹೋದರು. ಆದ್ದರಿಂದ ಕಣ್ಣಳತೆ ನಂಬಬೇಡಿ, ಅಳೆದು ನೋಡಿ.

ಟೈಲರ್ ಟೇಪು ಸಾಕು. ನಮ್ಮ ದೇಶದ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂ.ಮೀ. ದಾಟಬಾರದು. ಬಿಪಿ, ಶುಗರ್‌ ಪರೀಕ್ಷೆಯನ್ನು 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಮಾಡುತ್ತಾರೆ. ತೂಕದಲ್ಲಿ ನೂರಕ್ಕೆ ಐದು ಭಾಗ ಇಳಿದರೂ ಬಿಪಿ, ಶುಗರ್‌ನಲ್ಲಿ ವ್ಯತ್ಯಾಸ ಕಾಣುತ್ತೆ. ವಾರಕ್ಕೆ 5 ದಿನ, ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಅನ್ನ ಒಂದು ಸೌಟು ಕಡಿಮೆ, ಪಲ್ಯ ಒಂದು ಸೌಟು ಜಾಸ್ತಿ ಇರಲಿ. ಉಪ್ಪಿನಕಾಯಿ, ಹಪ್ಪಳ ದಿನಾ ಬೇಡ.

ಹೆಂಗಸರಿಗೆ ಎದೆನೋವಿನ ಜೊತೆಗೆ, ಕೆಲವೊಮ್ಮೆ ಅದಿಲ್ಲದೆಯೂ, ಏದುಸಿರು, ದವಡೆ ಅಥವಾ ಬೆನ್ನು ನೋವು, ವಾಕರಿಕೆ, ತಣ್ಣನೆ ಬೆವರು ಬರಬಹುದು. ‘ಗ್ಯಾಸು, ಸೋಡಾ ಕುಡಿ’ ಅಂತ ಕಾಯಬೇಡಿ, 108ಕ್ಕೆ ಕರೆ ಮಾಡಿ. ಸುಸ್ತಾದರೂ ಎಲ್ಲರಿಗೂ ಬಡಿಸಿದ ಮೇಲೇ ಕೂರೋದು ನಮ್ಮ ಮನೆಗಳ ರೂಢಿ. ಈ ಒಂದು ವಿಷಯದಲ್ಲಿ ಮಾತ್ರ ಮೊದಲ ಸರದಿ ಮನೆಯ ಹೆಣ್ಣಿನದಾಗಲಿ.